ಮಲಕಾಜಪ್ಪನ ಎದೆಯುರಿಗೆ ನಾಲ್ಕು ಇಟ್ಟಿಗೆ

ರಬಕವಿಯ ನೇಕಾರ ಮಲಕಾಜಪ್ಪನಿಗೆ ಈ ಜಗತ್ತಿನಲ್ಲಿ ಎರಡೇ ಎರಡು ಸಂಗತಿಗಳ ಮೇಲೆ ಗಟ್ಟಿ ನಂಬಿಕೆಯಿತ್ತು. ತನ್ನ ಕೈಯ ಸೀರೆಗೆ ಊರಲ್ಲಿ ಸಾಟಿ ಇಲ್ಲ ಎಂಬುದು ಒಂದು. ನಲವತ್ತಕ್ಕೆ ಎದೆ ಉರಿದು ತಾನು ಸಾಯುವವನು ಎಂಬುದು ಇನ್ನೊಂದು. ಮೊದಲನೆಯದನ್ನು ಒಪ್ಪುವವರು ಊರಲ್ಲಿ ನಾಲ್ಕು ಜನ ಸಿಕ್ಕಾರು, ಅದರಲ್ಲಿ ಇಬ್ಬರು ಅವನ ಮನೆಯವರೇ. ಎರಡನೆಯದಕ್ಕೆ ಮಾತ್ರ ಅವನ ಅಪ್ಪನೇ ಸಾಕ್ಷಿ. ಅಪ್ಪ ಶಿದ್ರಾಮಪ್ಪ ಸರಿಯಾಗಿ ನಲವತ್ತಕ್ಕೆ ತೀರಿಕೊಂಡಿದ್ದ. ಆಗ ಹತ್ತು ವರ್ಷದ ಮಲಕಾಜಪ್ಪ ಬೀಳಗಿಯಲ್ಲಿ ಸೋದರಮಾವನ ಮನೆಯಲ್ಲಿದ್ದ. ಸುದ್ದಿ ಮುಟ್ಟಿ ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವ್ವ ಲಗಮವ್ವ ಹೇಳಿದ್ದು ಒಂದೇ ಮಾತು: “ಎದಿ ಉರಿ ಬಂತಪಾ, ಹೋಗಿಬಿಟ್ರು.”

ಆ ಮಾತನ್ನು ಅವನು ಮೂವತ್ತು ವರ್ಷ ಜೋಪಾನವಾಗಿ ಇಟ್ಟುಕೊಂಡ. ಎಪ್ಪತ್ತೆಂಟನೇ ಇಸವಿ, ಹೋಳಿ ಹುಣ್ಣಿಮೆಯ ಹೊತ್ತಿಗೆ ನಲವತ್ತಕ್ಕೆ ಎರಡೇ ತಿಂಗಳು ಬಾಕಿ. ಆಗ ರಾತ್ರಿಯ ಹೊತ್ತು ಅವನ ಎದೆ ಖರೇನೇ ಉರಿಯತೊಡಗಿತು.

ಉರಿಯದೆ ಮತ್ತೇನು ಮಾಡೀತು ಹೇಳಿ! ಬನಹಟ್ಟಿಯಲ್ಲೆಲ್ಲ ಕರೆಂಟಿನ ಮಗ್ಗ ಬಂದು ಹಗಲು ರಾತ್ರಿ ಗದ್ದಲ ಎಬ್ಬಿಸುತ್ತಿದ್ದರೂ ಈ ಮಹರಾಯ ಅಪ್ಪನ ಕುಣಿಮಗ್ಗ ಬಿಟ್ಟಿರಲಿಲ್ಲ. ಪಡಸಾಲೆಯ ನೆಲದಲ್ಲಿ ಕುಣಿ, ಕುಣಿಯೊಳಗೆ ಕಾಲು, ನೇಯ್ದ ಸೀರೆ ಸುತ್ತುವ ದಿಂಡಿಗೆ ಹೊಟ್ಟೆ ಒತ್ತಿಕೊಂಡು ಮುಂದಕ್ಕೆ ಬಗ್ಗಿ ಕೂತನೆಂದರೆ ರಾತ್ರಿ ಹತ್ತರವರೆಗೆ ಏಳುವ ಮಾತಿಲ್ಲ. ನಡುನಡುವೆ ಚಹಾ, ಕೆಳತುಟಿಯೊಳಗೆ ತಂಬಾಕು. ಹತ್ತಕ್ಕೆ ಎದ್ದು ಊಟಕ್ಕೆ ಕೂತರೆ ಐದು ರೊಟ್ಟಿ, ಎಣ್ಣೆ ತೇಲುವ ಬದನೆಕಾಯಿ ಪಲ್ಯ, ಮುಷ್ಟಿ ತುಂಬ ಹಸಿ ಖಾರ, ಅದರ ಮೇಲೆ ಮಾವಿನಕಾಯಿ ಉಪ್ಪಿನಕಾಯಿ. ಆ ಉಪ್ಪಿನಕಾಯಿಯ ರಸವನ್ನು ಅವನು ಬೆರಳಿನಿಂದ ಬಳಿದು, ಬೆರಳು ಚೀಪಿ, ಮತ್ತೆ ಬಳಿಯುವುದನ್ನು ನೋಡಿದರೆ ನೋಡುವವರ ಎದೆಯೇ ಉರಿಯಬೇಕು. ತೊಳೆದ ಕೈ ಒಣಗುವ ಮೊದಲೇ ಹೊರಸಿನ ಮೇಲೆ ಅಂಗಾತ. ಒಂದು ತಾಸಿಗೆ ಗಂಟಲತನಕ ಹುಳಿನೀರು ಬಂದು, ಎದೆಮೂಳೆಯ ಹಿಂದೆ ಬೆಂಕಿ ಹತ್ತಿದಂತಾಗಿ, ಎದ್ದು ಕೂತು ಹೆಂಡತಿಯನ್ನು ಎಬ್ಬಿಸುತ್ತಿದ್ದ.

“ತಾರೀ, ಬಂತ ನೋಡು. ನಮ್ಮಪ್ಪಗ ಬಂದಿದ್ದು ಇದನ.”

ಹೆಂಡತಿ ತಾರವ್ವ ಮೊದಮೊದಲು ಗಾಬರಿಯಾಗಿ ತಣ್ಣನೆ ಹಾಲು, ಜೀರಿಗೆ ನೀರು ಎಂದು ಓಡಾಡಿದಳು. ಹತ್ತನೇ ರಾತ್ರಿಗೆ ಅವಳ ಗಾಬರಿ ಮುಗಿಯಿತು. “ಆ ಉಪ್ಪಿನಕಾಯಿ ಭರಣಿ ನಾಳೆ ಹೊಳಿಗೆ ಒಗದ ಬರತೇನಿ,” ಎಂದು ಮಗ್ಗಲು ಬದಲಿಸಿದಳು.

ಭರಣಿ ಒಗೆಯುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ ಬಿಡಿ. ಅದು ಲಗಮವ್ವ ಹಾಕಿದ ಉಪ್ಪಿನಕಾಯಿ. ಕಾಯಿ ಬರುತ್ತಿದ್ದುದು ಪಾಯಪ್ಪನ ಹೊಳೆದಂಡೆಯ ತೋಟದಿಂದ. ಪಾಯಪ್ಪ ತೇರದಾಳ ಕಡೆಯ ಜೈನರವನು, ಪೇಟೆಯಲ್ಲಿ ನೂಲಿನ ಅಂಗಡಿ, ಮಲಕಾಜಪ್ಪನ ಬಾಲ್ಯದ ಗೆಳೆಯ. ಪಾಯಪ್ಪನ ಅಪ್ಪನ ಕಾಲದಿಂದಲೂ ಪ್ರತಿ ಬೇಸಗೆಗೆ ಅವರ ಮನೆಯಿಂದ ಲಗಮವ್ವನ ಮನೆಗೆ ಒಂದು ಬುಟ್ಟಿ ಮಾವಿನಕಾಯಿ ಬರುವುದು ತಪ್ಪಿರಲಿಲ್ಲ. ಲಗಮವ್ವ ಅದನ್ನು ಹೆಚ್ಚಿ, ಉಪ್ಪು ಹಾಕಿ, ಖಾರ ಕಲಸಿ ಭರಣಿ ತುಂಬುತ್ತಿದ್ದಳು. ಆದರೆ ತಾನು ಒಂದು ಹೋಳು ಬಾಯಿಗೆ ಹಾಕಿದ್ದನ್ನು ಕಂಡವರಿಲ್ಲ. ಕೇಳಿದರೆ “ನನಗ ಹಲ್ಲ ಚುಳಚುಳ ಅಂತಾವು,” ಅನ್ನುತ್ತಿದ್ದಳು. ಅದೇ ಹಲ್ಲಿನಿಂದ ಖಡಕ್ ರೊಟ್ಟಿ ಕಡಿಯುತ್ತಿದ್ದಳು ಎಂಬುದು ಯಾರ ಗಮನಕ್ಕೂ ಬಂದಿರಲಿಲ್ಲ.

ಈ ಪಾಯಪ್ಪ ಜೈನರ ರೂಢಿಯಂತೆ ಹೊತ್ತು ಮುಳುಗುವ ಮುನ್ನ ಊಟ ಮುಗಿಸುವವನು. ಸಂಜೆ ಐದೂವರೆಗೆ ಅಂಗಡಿಯ ಬಾಗಿಲು ಅರ್ಧ ಎಳೆದು ಮನೆಗೆ ಹೊರಟರೆ, ಮಲಕಾಜಪ್ಪ ಮಗ್ಗದ ಮೇಲಿಂದಲೇ ಕಿಟಕಿಯಲ್ಲಿ ಕೂಗುವನು: “ಕೋಳಿ ಗೂಡಿಗೆ ಹೊಂಟ್ವು ನೋಡ್ರಪಾ!” ಇಡೀ ಓಣಿ ನಗುತ್ತಿತ್ತು. ಪಾಯಪ್ಪನೂ ನಕ್ಕು ಕೈ ಎತ್ತಿ ಹೋಗುತ್ತಿದ್ದ. ಇದು ಇಪ್ಪತ್ತು ವರ್ಷದ ಆಟ.

ಎದೆ ಉರಿ ಸುಮ್ಮನೆ ಎದೆಯಲ್ಲೇ ಇದ್ದಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಅದು ಮಗಳ ತಲೆಯ ಮೇಲೆ ಬಂತು. ಒಬ್ಬಳೇ ಮಗಳು ಮಹಾದೇವಿ, ಹದಿನಾರು ವರ್ಷ, ಆ ವರ್ಷ ಮೆಟ್ರಿಕ್. ತಾನು ಕಣ್ಣು ಮುಚ್ಚುವ ಮೊದಲು ಮಗಳ ಮದುವೆ ನೋಡಬೇಕು ಎಂದು ಮಲಕಾಜಪ್ಪ ತೀರ್ಮಾನಿಸಿದ. ವರ ಬೇರೆ ಹುಡುಕುವ ಕಷ್ಟವೂ ಇಲ್ಲ. ತಾರವ್ವನ ತಮ್ಮ ತುಕಾರಾಮ ಮುಧೋಳದಲ್ಲಿ ಬಾಳೆಹಣ್ಣಿನ ವಖಾರಿ ಇಟ್ಟುಕೊಂಡು ಮೂವತ್ನಾಲ್ಕು ವರ್ಷದಿಂದ ಬ್ರಹ್ಮಚಾರಿಯಾಗಿ ಕೂತಿದ್ದ. ಅವನ ಮೈಯಿಂದ ಬರುತ್ತಿದ್ದ ಕೊಳೆತ ಬಾಳೆಯ ವಾಸನೆ ಅವನಿಗಿಂತ ಮೊದಲೇ ಮನೆಯೊಳಗೆ ಬರುತ್ತಿತ್ತು. ನಿಶ್ಚಯಕ್ಕೆ ಸೋಮವಾರ ಒಳ್ಳೆಯ ದಿನ ಎಂದು ಹೇಳಿ ಕಳಿಸಿಯೂ ಆಯಿತು. ಅದೇ ಸೋಮವಾರ ಮಹಾದೇವಿಯ ಮೊದಲ ಪರೀಕ್ಷೆ.

ಹುಡುಗಿ ಅಳಲಿಲ್ಲ. ಸೀದಾ ಮಗ್ಗದ ಮುಂದೆ ಬಂದು ನಿಂತಳು. “ಯಪ್ಪಾ, ನೀ ಸಾಯೂದ ಇದ್ರ ಪರೀಕ್ಷಾ ಮುಗದ ಮ್ಯಾಲೆ ಸಾಯಿ. ಹತ್ತ ದಿನ ತಡಕೊಳ್ಳಾಕ ಆಗೂದಿಲ್ಲೇನ ನಿನಗ?”

“ಸಾವು ನಿಮ್ಮ ಸಾಲಿ ಗಂಟಿ ಕೇಳಿ ಬರೂದಿಲ್ಲವ್ವಾ,” ಎಂದು ಮಲಕಾಜಪ್ಪ ಭಾರವಾದ ದನಿಯಲ್ಲಿ ಹೇಳಿ ಒಂದು ಹುಳಿತೇಗು ತೆಗೆದ. ಅಂದು ಸಂಜೆ ಅಜ್ಜಿಯ ತೊಡೆಯ ಮೇಲೆ ತಲೆ ಇಟ್ಟು ಮಹಾದೇವಿ ಅತ್ತಳು. ಲಗಮವ್ವ ಮೊಮ್ಮಗಳ ತಲೆ ಸವರಿದಳು.

ಸುದ್ದಿ ಕೇಳಿ ಪಾಯಪ್ಪನಿಗೆ ರೇಗಿತು. “ಸಾಯಾಕತ್ತೇನಿ ಅಂತಿ, ದಾಕ್ತರಗ ತೋರಿಸಿಯೇನ್ಲೇ ಮಬ್ಬ?” ಎಂದು ಅವನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬನಹಟ್ಟಿಯ ಡಾಕ್ಟರ ಹತ್ತಿರ ಎಳೆದೊಯ್ದ. ಡಾಕ್ಟರು ಎದೆಗೆ ನಳಿಗೆ ಇಟ್ಟು ಕೇಳಿದರು, ಎರಡು ಸಲ ಮಾಳಿಗೆಯ ಮೆಟ್ಟಿಲು ಹತ್ತಿಸಿ ಇಳಿಸಿದರು, ಜಮಖಂಡಿಗೆ ಕಳಿಸಿ ಎದೆಬಡಿತದ ಇಸಿಜಿ ಪಟ್ಟಿ ತೆಗೆಸಿದರು. ಮರುದಿನ ಪಟ್ಟಿ ನೋಡಿ ನಕ್ಕರು.

“ಗುಂಡಗಿ ಕುದರಿ ಹಂಗ ಐತ್ರಿ. ಹೊಟ್ಟ್ಯಾಗಿನ ಹುಳಿನೀರು ಮ್ಯಾಲೆ ಏರಾಕತ್ತೈತಿ, ಅಷ್ಟ. ಹೊತ್ತ ಇರತಾ ಉಣ್ರಿ. ಉಂಡ ಮೂರ ತಾಸ ಅಡ್ಡ ಆಗಬ್ಯಾಡ್ರಿ, ಬಗ್ಗಿ ಮಗ್ಗದ ಮ್ಯಾಲೂ ಕೂಡಬ್ಯಾಡ್ರಿ. ಖಾರ, ಹುಳಿ, ಚಾ, ತಂಬಾಕು ಕಡಿಮಿ ಮಾಡ್ರಿ. ಧೋತರದ ಗಂಟು ಸಡ್ಲ ಬಿಡ್ರಿ, ಎಡ ಮಗ್ಗಲ ಮಲಗ್ರಿ. ಹೊರಸಿನ ತಲಿ ಕಡೆ ಎರಡೂ ಕಾಲಿಗೆ ಎರಡೆರಡ ಇಟ್ಟಂಗಿ ಕೊಡ್ರಿ. ನೀರು ಇಳಜಾರಿಗೆ ಹರೀತೈತಿ, ಮ್ಯಾಲೆ ಏರೂದಿಲ್ಲ. ಎದಿನೋವು ರಟ್ಟಿಗೆ ಇಳಿದ್ರ, ದಮ್ಮು ಹತ್ತಿ ಬೆವರು ಕಿತ್ತ ಬಂದ್ರ ಮಾತ್ರ ನಿಂತ ಕಾಲಮ್ಯಾಲೆ ಓಡಿ ಬರ್ರಿ.”

ಹೊತ್ತಿರುವಾಗಲೇ ಉಣ್ಣಬೇಕು ಎಂದದ್ದೇ ತಡ, ಪಾಯಪ್ಪ ಮೀಸೆಯಲ್ಲಿ ನಕ್ಕ. ಮಲಕಾಜಪ್ಪನಿಗೆ ಮೈಯೆಲ್ಲ ಉರಿಯಿತು. ಇಡೀ ಆಯುಷ್ಯ ಕೋಳಿ ಎಂದು ಆಡಿಕೊಂಡವನು ಈಗ ತಾನೇ ಗೂಡು ಸೇರಬೇಕೆ? ಸತ್ತರೂ ಸರಿ ಎಂದುಕೊಂಡ. ಉಳಿದ ಮಾತುಗಳಲ್ಲಿ ಮಾನಕ್ಕೆ ಕುಂದು ಬಾರದ್ದು ಇಟ್ಟಿಗೆ ಒಂದೇ. ದಾರಿಯಲ್ಲೇ ಯಾರದೋ ಕಟ್ಟುತ್ತಿದ್ದ ಗೋಡೆಯಿಂದ ನಾಲ್ಕು ಇಟ್ಟಿಗೆ ಎತ್ತಿಕೊಂಡು ಬಂದ.

ಇಲ್ಲಿ ಶುರುವಾಯಿತು ನೋಡಿ ತಮಾಷೆ. ಅವನ ಹೊರಸು ಇದ್ದದ್ದು ಪಡಸಾಲೆಯಲ್ಲಿ, ಮಗ್ಗದ ಪಕ್ಕ. ಯಾವಾಗಲೂ ಮಗ್ಗದ ಕಡೆ ತಲೆ. ಹೊರಸಿನ ಆ ಕಡೆಯ ಕಾಲುಗಳು ಕುಣಿಯ ಅಂಚಿಗೇ ಇದ್ದವು, ಇಟ್ಟಿಗೆ ಇಟ್ಟರೆ ಜಾರಿ ಕುಣಿಗೆ ಬೀಳುತ್ತಿತ್ತು. ಸರಿ, ಬಾಗಿಲ ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟು, ತಲೆದಿಂಬನ್ನೂ ಆ ಕಡೆಗೆ ತಿರುಗಿಸಿ ಮಲಗಿದ. ಅಲ್ಲಿಗೆ ಎಲ್ಲ ನೆಟ್ಟಗಾಗಬೇಕಿತ್ತು. ಆದರೆ ಲಗಮವ್ವ ದೀಪ ಸಣ್ಣ ಮಾಡಲು ಬಂದವಳು ನೋಡುತ್ತಾಳೆ, ಮಗನ ಎರಡೂ ಪಾದ ಮಗ್ಗದ ಮುಖಕ್ಕೆ ಚಾಚಿವೆ!

“ಏಳೋ ಭಾಡ್ಯಾ!” ಎಂದು ಕೂಗಿದಳು. “ಅನ್ನ ಹಾಕೂ ಮಗ್ಗಕ್ಕ ಕಾಲ ಮಾಡಿ ಮಲಗಿಯಲ್ಲೋ! ದಿನಾ ಊದಿನಕಡ್ಡಿ ಬೆಳಗತೇವಿ ಅದಕ್ಕ. ತಿರಗ ಮದಲ, ತಿರಗ!”

ನೇಕಾರರ ಮನೆಯಲ್ಲಿ ಈ ಮಾತಿಗೆ ಎದುರು ಮಾತಿಲ್ಲ. ಮಗ್ಗ ಎಂದರೆ ದೇವರ ಸಮ. ಮಲಕಾಜಪ್ಪ ದಡಬಡ ಎದ್ದು ದಿಂಬನ್ನು ಮಗ್ಗದ ಕಡೆಗೆ ಒಗೆದು ಹಾಗೇ ತಿರುಗಿ ಮಲಗಿದ. ಇಟ್ಟಿಗೆಗಳು ಮಾತ್ರ ಇದ್ದಲ್ಲೇ ಇದ್ದವು. ಹೀಗೆ ಅವನ ಕಾಲು ಮೇಲೆ, ತಲೆ ಕೆಳಗೆ ಆಯಿತು.

“ರೀ, ತಲಿ ತೆಳಗ ಆತಲ್ರೀ,” ಎಂದು ತಾರವ್ವ ಅಂಜುತ್ತ ಅಂದಳು.

“ಹೊರಸು ಓರಿ ಇರಬೇಕು ಅಂದಾನ ದಾಕ್ತರ. ಓರಿ ಐತಿಲ್ಲ? ಸುಮ್ನ ಮಲಕೊ.”

ಆ ರಾತ್ರಿಯ ಉರಿ ಹಿಂದೆಂದೂ ಕಾಣದ ಉರಿ. ರೊಟ್ಟಿ, ಖಾರ, ಉಪ್ಪಿನಕಾಯಿಯ ರಸ ಎಲ್ಲ ಸಾಲುಗಟ್ಟಿ ಗಂಟಲಿಗೆ ಬಂದವು. ಜೊತೆಗೆ ಮೈ ಜಾರಿ ಜಾರಿ ನೆತ್ತಿ ಹೊರಸಿನ ಚೌಕಟ್ಟಿಗೆ ಟಕ್ ಟಕ್ ಎಂದು ಬಡಿಯುತ್ತಿತ್ತು. ಔಷಧ ಅಂದ ಮೇಲೆ ಕಷ್ಟ ಇದ್ದೇ ಇರುತ್ತದೆ ಎಂದು ಅವನು ಹಲ್ಲು ಕಚ್ಚಿ ನಾಲ್ಕು ರಾತ್ರಿ ತಡೆದ. ಐದನೇ ದಿನ ಬೆಳಗ್ಗೆ ಕಣ್ಣು ಗುಳಿಬಿದ್ದು, ನೆತ್ತಿಯ ಮೇಲೆ ಬೋರೆಹಣ್ಣಿನಷ್ಟು ಬಾವು ಬಂದು, ಮಗ್ಗಕ್ಕೆ ಆತು ಕೂತ. “ದಾಕ್ತರನ ವಿದ್ಯಾನೂ ಮುಗೀತು. ಇನ್ನ ಸೋಮಾರ ಕಂಡ್ರ ಸಾಕು,” ಎಂದ. ಅವನಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಅಂದು ಶುಕ್ರವಾರ. ಮಹಾದೇವಿ ವಿಜ್ಞಾನದ ಪುಸ್ತಕ ಹಿಡಿದು ಪಡಸಾಲೆಯಲ್ಲಿ ಕಂಠಪಾಠ ಮಾಡುತ್ತ ಓಡಾಡುತ್ತಿದ್ದವಳು ಹೊರಸಿನ ಮುಂದೆ ನಿಂತಳು. ಬಗ್ಗಿ ಇಟ್ಟಿಗೆ ನೋಡಿದಳು, ದಿಂಬು ನೋಡಿದಳು, ಅಪ್ಪನ ನೆತ್ತಿ ನೋಡಿದಳು. ಆಮೇಲೆ ನೀರು ತುಂಬಿದ ತಂಬಿಗೆ ತಂದು ಅಪ್ಪನ ಎದುರಿಗೇ ಓರೆ ಮಾಡಿ ಹಿಡಿದಳು. ನೀರು ಬಾಯಿಂದ ಸುರಿದು ಅವನ ಧೋತರ ತೊಯ್ಯಿತು.

“ನಾಕ ದಿನದಿಂದ ನೀ ಮಾಡಾಕತ್ತಿದ್ದು ಇದನ ಯಪ್ಪಾ.”

ತಾರವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ತಾಯಿ ಮಗಳು ಸೇರಿ ಹೊರಸನ್ನು ಎತ್ತಿ, ಕುಣಿಯಿಂದ ದೂರ, ತಲೆಬಾಗಿಲ ಪಕ್ಕದ ಗೋಡೆಗೆ ಸರಿಸಿದರು. ಈಗ ಕಾಲು ಬೀದಿಯ ಕಡೆ, ದಿಂಬಿನ ಕಡೆಯ ಕಾಲುಗಳಿಗೇ ಇಟ್ಟಿಗೆ, ಮಗ್ಗಕ್ಕೂ ಅವಮಾನವಿಲ್ಲ. ಆ ರಾತ್ರಿ ಮಲಕಾಜಪ್ಪ ಗೊರಕೆ ಹೊಡೆದ ಸದ್ದಿಗೆ ಓಣಿಯ ನಾಯಿ ಎರಡು ಸಲ ಬೊಗಳಿತು.

ಇನ್ನು ಸೋಮವಾರದ ಮಾತು ಬಿಟ್ಟಾನು ಎಂದುಕೊಂಡರೆ, ಆ ಆಸಾಮಿ ಬಿಡುವವನೆ? ಶನಿವಾರ ಬೆಳಗ್ಗೆ ಎದ್ದು, ಕಣ್ಣುಜ್ಜಿ, ಸೂತಕದ ಮುಖ ಮಾಡಿ ಹೇಳಿದ: “ನಮ್ಮಪ್ಪನೂ ಹೋಗೂ ಹಿಂದಿನ ರಾತ್ರಿ ಹಿಂಗ ಚಂದ ಮಲಗಿದ್ದಿರಬೇಕು.”

ಮಹಾದೇವಿ ಪುಸ್ತಕ ಮುಚ್ಚಿ ಇಟ್ಟಳು. ಮತ್ತೆ ತೆರೆಯಲಿಲ್ಲ. ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು.

ಮಧ್ಯಾಹ್ನ ಪಾಯಪ್ಪನ ಮನೆಯ ಆಳು ಬಂದು ಆ ವರ್ಷದ ಮಾವಿನಕಾಯಿ ಬುಟ್ಟಿ ಇಳಿಸಿ ಹೋದ. ಲಗಮವ್ವ ಬುಟ್ಟಿಯ ಮುಂದೆ ಕೂತಳು. ಈಳಿಗೆ ತೆಗೆದುಕೊಳ್ಳಲಿಲ್ಲ. ಒಂದು ಕಾಯಿ ಕೈಯಲ್ಲಿ ಹಿಡಿದು, ಗೋಡೆಗೆ ಮುಖ ಮಾಡಿದ್ದ ಮೊಮ್ಮಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮಗನನ್ನು ಕರೆದಳು.

“ಮಲ್ಕಾ, ಮಗ್ಗ ನಿಲ್ಲಸು. ನಿಮ್ಮಪ್ಪ ಎದಿ ಉರಿಯಿಂದ ಸಾಯಲಿಲ್ಲ.”

ಲಾಳಿ ನಿಂತಿತು. “ಏನ್ ಬೇ ಯವ್ವಾ?”

“ನಾ ಸುಳ್ಳ ಹೇಳಿದ್ನಿ. ನಿಮ್ಮಪ್ಪಗ ಎದಿ ಉರಿ ಅನ್ನೂದು ಗೊತ್ತ ಇರಲಿಲ್ಲ. ಕಲ್ಲ ಉಂಡ ಕಲ್ಲ ಅರಗಿಸಾಂವ. ಗಿಡದ ಮ್ಯಾಲಿಂದ ಬಿದ್ದ ಸತ್ತ.”

ಮಲಕಾಜಪ್ಪ ಕುಣಿಯಿಂದ ಕಾಲು ತೆಗೆಯುವುದನ್ನೂ ಮರೆತು ಕೂತ. ಲಗಮವ್ವ ಕೈಯಲ್ಲಿದ್ದ ಕಾಯಿಯನ್ನು ತಿರುವುತ್ತ, ಅದಕ್ಕೇ ಹೇಳುವವಳಂತೆ ಹೇಳಿದಳು.

“ನಾ ಆಗ ಬಸರಿ. ಮೂರ ತಿಂಗಳಾಗಿತ್ತು. ಹಸಿ ಮಾವಿನಕಾಯಿ ತಿನಬೇಕು ಅಂತ ಬಯಕಿ. ಪ್ಯಾಟ್ಯಾಗ ಇನ್ನೂ ಬಂದಿರಲಿಲ್ಲ. ನಾ ಹಟಾ ಹಿಡದ್ನಿ, ಅನ್ನ ಬಿಟ್ನಿ. ನಿಮ್ಮಪ್ಪ ನಡು ಮಧ್ಯಾಹ್ನ ಯಾರೂ ಇಲ್ಲದಾಗ ಪಾಯಪ್ಪನ ಅಪ್ಪನ ತ್ವಾಟಕ್ಕ ಹೋಗಿ, ಕೇಳದ ಗಿಡಾ ಹತ್ಯಾನ. ಟೊಂಗಿ ಮುರೀತು. ಪಾಯಪ್ಪನ ಅಪ್ಪನೇ ಹೊತಗೊಂಡ ಮನಿಗೆ ತಂದ್ರು. ಧೋತರದ ಗಂಟಿನ್ಯಾಗ ಎರಡ ಕಾಯಿ ಇದ್ವು, ಮಲ್ಕಾ. ಎರಡನ. ಸಂಜಿತನಕ ಇದ್ದ, ಆಮ್ಯಾಲೆ ಹೋದ. ನಾಕ ದಿನಕ್ಕ ಹೊಟ್ಟ್ಯಾಗಿಂದೂ ಹೋತು.”

ಮಹಾದೇವಿ ಗೋಡೆಯಿಂದ ಇತ್ತ ತಿರುಗಿದ್ದಳು.

“ಊರ ಮಂದಿ ನಿಮ್ಮಪ್ಪನ ಕಳ್ಳ ಅಂತಾರ, ನನ್ನ ‘ಹಡಬಿಟ್ಟಿ, ಬಾಯಿಚಪಲಕ್ಕ ಗಂಡನ ತಿಂದ್ಲು’ ಅಂತಾರ ಅಂತ ಅಂಜಿದ್ನಿ. ಪಾಯಪ್ಪನ ಅಪ್ಪನ ಕಾಲ ಹಿಡದ್ನಿ. ‘ಎದಿ ಉರಿ ಬಂದ ಹೋದ ಅನ್ನು ತಂಗಿ, ನಾನೂ ಹಂಗ ಅಂತೇನಿ’ ಅಂದ್ರು. ಆವತ್ತಿನಿಂದ ಬುಟ್ಟಿ ಕಳಸತಾರ. ಬ್ಯಾಡ ಅನ್ನಾಕ ನನಗ ಬಾಯಿಲ್ಲ.” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಆ ಸುಳ್ಳು ನಿನ್ನ ಹಿಂಗ ಹಿಡೀತೈತಿ ಅಂತ ನನಗೇನ ಗೊತ್ತೋ? ಈ ಹುಡಗಿ ಬರಿಯಾಕ ಹೋಗಲಿ. ನನ್ನ ಹಟಕ್ಕ ಒಬ್ಬಾಂವ ಹೋಗಿದ್ದ ಸಾಕು, ನನ್ನ ಸುಳ್ಳಿಗೆ ಈಕಿ ಹೋಗೂದ ಬ್ಯಾಡ.”

ಮಲಕಾಜಪ್ಪನಿಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಮೂವತ್ತು ವರ್ಷ ಅವನು ಸತ್ತು ಸತ್ತು ಬದುಕಿದ್ದ, ಅದೂ ಇಲ್ಲದ ರೋಗಕ್ಕೆ. ಸಿಟ್ಟು ಬಂತು, ಬಂದಷ್ಟೇ ಬೇಗ ಇಳಿದೂ ಹೋಯಿತು. ಕೆಳತುಟಿಯ ತಂಬಾಕು ಉಗುಳಿ, ಎದ್ದು ನಿಂತು, “ತಾರೀ, ನಿನ್ನ ತಮ್ಮಗ ಹೇಳಿ ಕಳಸು. ಬಾಳಿಹಣ್ಣ ತಂದ್ರ ತರಲಿ, ನಿಶ್ಚಯದ ಸೀರಿ ತರೂದ ಬ್ಯಾಡ,” ಎಂದು ಚಪ್ಪಲಿ ಮೆಟ್ಟಿ ಹೊರಬಿದ್ದ.

ಪಾಯಪ್ಪನ ಮನೆ ಸೇರಿದಾಗ ಐದೂಮುಕ್ಕಾಲು. ಪಾಯಪ್ಪ ತಾಟಿನ ಮುಂದೆ ಕೂತಿದ್ದ. ಅವನ ಹೆಂಡತಿ ಪದ್ಮವ್ವ ಬಿಸಿ ರೊಟ್ಟಿ ಬಡಿಸುತ್ತಿದ್ದಳು. ಮಲಕಾಜಪ್ಪ ಹೊಸ್ತಿಲಲ್ಲೇ ನಿಂತ.

“ನಮ್ಮಪ್ಪ ಗಿಡದ ಮ್ಯಾಲಿಂದ ಬಿದ್ದದ್ದು ನಿನಗ ಗೊತ್ತಿತ್ತೇನ್ಲೇ?”

ಪಾಯಪ್ಪ ತುತ್ತು ತಾಟಿಗೆ ಇಳಿಸಿದ. “ಗೊತ್ತಿತ್ತು. ಬುಟ್ಟಿ ಕಳಸೂದ ಬಿಡಬ್ಯಾಡ ಅಂತ ನಮ್ಮಪ್ಪ ಸಾಯೂ ಮುಂದ ಹೇಳಿದ್ದ. ಯಾಕಂತನೂ ಹೇಳಿದ್ದ.”

“ಮತ್ತ ನಾ ದಿನಾ ಓಣಿ ತುಂಬ ನಿನ್ನ ಕೋಳಿ ಕೋಳಿ ಅಂತ ಒದರತಿದ್ನೆಲ್ಲ? ‘ಮಾವಿನಕಾಯಿ ಕಳ್ಳನ ಮಗನ’ ಅಂತ ಒಂದ ಸಲ ಅಂದಿದ್ರ ನನ್ನ ಬಾಯಿ ಬಂದ್ ಆಗತಿತ್ತಲ್ಲಲೇ!”

“ಆಗತಿತ್ತು,” ಎಂದ ಪಾಯಪ್ಪ. “ನಿನ್ನ ಬಾಯಿ ಬಂದ್ ಮಾಡಿಸಿ ನಾ ಏನ ಮಾಡಲಿ? ನೀ ಒದರದಿದ್ರ ಐದೂವರಿ ಆತು ಅಂತ ನನಗ ಗೊತ್ತ ಆಗತಿರಲಿಲ್ಲ. ಕೈ ತೊಳಕೊ, ಹೊತ್ತ ಮುಣಗತೈತಿ.”

ಮಲಕಾಜಪ್ಪ ಕೈ ತೊಳೆದು ಕೂತ. ಎರಡು ರೊಟ್ಟಿ, ಬೇಳೆ, ಮಜ್ಜಿಗೆ ಉಂಡ. ಪದ್ಮವ್ವ ಖಾರದ ಬಟ್ಟಲು ತಂದಾಗ ಮುಖ ಆಚೆ ತಿರುಗಿಸಿದ. ಹೊತ್ತು ಮುಳುಗುವಾಗ ಅವನು ಬೀದಿಯಲ್ಲಿ ನಡೆದು ಬಂದದ್ದನ್ನು ನೋಡಿ ಯಾರೋ ಕಟ್ಟೆಯ ಮೇಲಿಂದ “ಊಟಾತೇನೋ ಮಲ್ಕಾಜಪ್ಪಾ?” ಎಂದರು. “ಆತು. ಕೋಳಿ ಗೂಡಿಗೆ ಹೊಂಟೈತಿ,” ಎಂದ.

ಮನೆಯಲ್ಲಿ ಮಹಾದೇವಿ ಹೊರಸಿನ ಮೇಲೆ ಇಟ್ಟಿಗೆಯ ಕಡೆಗೆ ಬೆನ್ನು ಕೊಟ್ಟು ಜೋರಾಗಿ ಕಂಠಪಾಠ ಮಾಡುತ್ತಿದ್ದಳು. ಲಗಮವ್ವ ಬುಟ್ಟಿಯ ಮುಂದಿಂದ ಎದ್ದಿರಲೇ ಇಲ್ಲ. ಮಲಕಾಜಪ್ಪ ಅವ್ವನ ಎದುರು ಕುಕ್ಕರಗಾಲಲ್ಲಿ ಕೂತು, ಈಳಿಗೆ ಎಳೆದುಕೊಂಡು, ಒಂದು ಕಾಯಿ ಹೆಚ್ಚಿದ. ಒಂದು ಹೋಳಿನ ಮೇಲೆ ಉಪ್ಪು ಹಚ್ಚಿ ಅವಳ ಬಾಯಿಯ ಹತ್ತಿರ ಹಿಡಿದ.

“ತಿನ್ನು ಬೇ.”

“ಒಲ್ಲೆ.”

“ನಮ್ಮಪ್ಪ ಕಾಯಿ ಕಿತ್ತಿದ್ದು ನಿನ್ನ ಸಲುವಾಗಿ. ಮೂವತ್ತ ವರ್ಷ ನಾ ತಿಂದ್ನಿ, ಅದಕ್ಕ ನನ್ನ ಎದಿ ಸುಟ್ಟಿತು. ಈಗರ ನೀ ತಿನ್ನು.”

ಲಗಮವ್ವ ಬಾಯಿ ತೆರೆದಳು. ಕಟಕ್ಕೆಂದು ಕಡಿದಳು. ಕಣ್ಣು ಎರಡೂ ಮುಚ್ಚಿಕೊಂಡವು, ಮುಖದ ಸುಕ್ಕೆಲ್ಲ ಮೂಗಿನ ಹತ್ತಿರ ಕೂಡಿದವು. ಮೈ ಒಮ್ಮೆ ಝುಮ್ಮೆಂದು ನಡುಗಿತು.

“ಎವ್ವಾ, ಎಷ್ಟ ಹುಳಿ ಐತೋ ಇದು!” ಎಂದಳು. “ಇಂಥಾ ಕಾಯಿ ಸಲುವಾಗಿ ಗಿಡಾ ಹತ್ತಿದನೇನೋ ಆ ಹುಚ್ಚ! ಇಂಥಾದಕ್ಕ!” ಅನ್ನುತ್ತ ನಗತೊಡಗಿದಳು, ನಗುತ್ತಲೇ ಕಣ್ಣೀರು ಗಲ್ಲದ ಮೇಲೆ ಇಳಿಯಿತು. ಮಹಾದೇವಿಯ ಕಂಠಪಾಠ ನಿಂತಿತು. ಲಗಮವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಮೂಗು ಸೇದಿ, ಮಗನ ಕಡೆ ಕೈ ಚಾಚಿದಳು.

“ಇನ್ನೊಂದ ಹೋಳ ಕೊಡು. ಉಪ್ಪ ಜಾಸ್ತಿ ಹಚ್ಚು.”